ಮನೆಯಲ್ಲೇ ಲ್ಯಾಟಿನ್ ಕಲಿಸುವ ಹೆತ್ತವರಿಗೆ: ಯಾವ ಪುಸ್ತಕ ಆರಿಸಬೇಕು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಹೆತ್ತವರೇ ಮನೆಯಲ್ಲಿ ಪಾಠ ಹೇಳಿಕೊಡುವ ಪದ್ಧತಿ ಅಮೆರಿಕದ 50 ರಾಜ್ಯಗಳಲ್ಲೂ ಕಾನೂನುಬದ್ಧವಾಗಿದೆ. ಅಲ್ಲಿನ ಕಥೊಲಿಕ ಕುಟುಂಬಗಳ ಮನೆಶಿಕ್ಷಣದಲ್ಲಿ ಲ್ಯಾಟಿನ್ ಭಾಷೆಗೆ ವಿಶೇಷ ಸ್ಥಾನವಿದೆ. ನಮ್ಮ ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿ ಈ ದಾರಿ ಹಿಡಿಯುವ ತಂದೆತಾಯಂದಿರಿಗೂ ಎದುರಾಗುವ ಪ್ರಶ್ನೆ ಒಂದೇ: ತಮಗೇ ಬಾರದ ಭಾಷೆಯನ್ನು ಮಕ್ಕಳಿಗೆ ಯಾವ ಪುಸ್ತಕದಿಂದ ಕಲಿಸುವುದು? ಆಯ್ಕೆ ಕೆಟ್ಟರೆ ಹೋಗುವುದು ಹಣ ಮಾತ್ರವಲ್ಲ. ಮಗುವಿನ ಒಂದೆರಡು ವರ್ಷ ಹೋಗುತ್ತದೆ, "ನನಗೆ ಇದು ಬರುವುದಿಲ್ಲ" ಎಂಬ ಭಾವನೆ ಮಾತ್ರ ಉಳಿದುಬಿಡುತ್ತದೆ.

ಪುಸ್ತಕ ಕೊಳ್ಳುವ ಮೊದಲು ಲ್ಯಾಟಿನ್ ಯಾತಕ್ಕೆ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬೇಕು. ಧರ್ಮಸಭೆಯ ಪ್ರಾರ್ಥನೆ, ಗೀತೆ, ಪೂಜಾವಿಧಿಯ ಪಠ್ಯ ತಿಳಿಯಬೇಕೆಂಬುದು ಒಂದು ಗುರಿ. ಸೀಸರ್, ವರ್ಜಿಲ್ ಮುಂತಾದ ರೋಮನ್ ಲೇಖಕರನ್ನು ಓದಬೇಕೆಂಬುದು ಇನ್ನೊಂದು. ವ್ಯಾಕರಣ ಎರಡಕ್ಕೂ ಬಹುತೇಕ ಒಂದೇ ಆದರೂ ಪದಸಂಗ್ರಹ ಬೇರೆ, ಉಚ್ಚಾರಣೆ ಬೇರೆ. ನಾವು ಇಂಗ್ಲಿಷಿನ ಮೂಲಕ ಸಿಸೆರೊ ಎಂದು ಕರೆಯುವ ವಾಗ್ಮಿಯ ಹೆಸರು ಇಗರ್ಜಿಯ ಉಚ್ಚಾರಣೆಯಲ್ಲಿ ಚಿಚೆರೊ, ಪ್ರಾಚೀನ ರೋಮಿನ ಉಚ್ಚಾರಣೆಯಲ್ಲಿ ಕಿಕೆರೊ. ಯಾವುದೂ ತಪ್ಪಲ್ಲ. ಆದರೆ ಪುಸ್ತಕದ ಜೊತೆ ಬರುವ ಧ್ವನಿಮುದ್ರಿಕೆ ಒಂದು ರೀತಿ, ತಾಯಿ ಹೇಳಿಕೊಡುವುದು ಇನ್ನೊಂದು ರೀತಿ ಆದರೆ ಎಂಟು ವರ್ಷದ ಮಗು ಗಲಿಬಿಲಿಗೊಳ್ಳುತ್ತದೆ.

ಈ ಕಾಲದಲ್ಲಿ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. 2013ರ ಫೆಬ್ರುವರಿ 11ರಂದು ಪೋಪ್ 16ನೇ ಬೆನೆಡಿಕ್ಟ್ ತಮ್ಮ ಪದತ್ಯಾಗವನ್ನು ಕಾರ್ಡಿನಲ್‌ಗಳ ಮುಂದೆ ಲ್ಯಾಟಿನ್‌ನಲ್ಲಿ ಪ್ರಕಟಿಸಿದಾಗ, ಅದನ್ನು ಅರ್ಥಮಾಡಿಕೊಂಡು ಜಗತ್ತಿಗೆ ಮೊದಲು ತಿಳಿಸಿದವರು ಲ್ಯಾಟಿನ್ ಬಲ್ಲ ಇಟಲಿಯ ಅನ್ಸಾ ಸುದ್ದಿಸಂಸ್ಥೆಯ ವರದಿಗಾರ್ತಿ. ಎಲ್ಲರಿಗೂ ಅಂಥ ಅವಕಾಶ ಬರುವುದಿಲ್ಲ, ಬಿಡಿ.

ಎರಡನೆಯ ವಿಚಾರ ವಯಸ್ಸು. ಏಳರಿಂದ ಹತ್ತು ವರ್ಷದವರಿಗೆ 1999ರಲ್ಲಿ ಬಂದ 'ಮಿನಿಮುಸ್' ಎಂಬ ಚಿತ್ರಪುಸ್ತಕ ಹಿತವಾಗಿದೆ. ಬ್ರಿಟನ್ನಿನ ವಿಂಡೊಲಾಂಡ ಕೋಟೆಯಲ್ಲಿ ವಾಸಿಸುವ ಒಂದು ಇಲಿ ಅದರ ನಾಯಕ. ಮಕ್ಕಳು ನಗುತ್ತಾ ಕಲಿಯುತ್ತಾರೆ. ವ್ಯಾಕರಣ ಮಾತ್ರ ತೆಳು. ಅದೇ ವಯಸ್ಸಿಗೆ ಕ್ರಮಬದ್ಧ ಪಾಠ ಬೇಕೆನ್ನುವವರು ಮೆಮೋರಿಯಾ ಪ್ರೆಸ್‌ನ 'ಪ್ರೀಮಾ ಲಾಟಿನಾ', ಬಳಿಕ 'ಲಾಟಿನಾ ಕ್ರಿಸ್ತಿಯಾನಾ' ಹಿಡಿಯುತ್ತಾರೆ. ಇವು ಇಗರ್ಜಿಯ ಉಚ್ಚಾರಣೆಯವು, ಪ್ರಾರ್ಥನೆಗಳೂ ಇವೆ. ಮುಖ್ಯವಾಗಿ, ಲ್ಯಾಟಿನ್ ಬಾರದ ಹೆತ್ತವರನ್ನು ಗಮನದಲ್ಲಿಟ್ಟು ಬರೆದವು.

ಹನ್ನೆರಡು ದಾಟಿದ ಮಕ್ಕಳಿಗೆ ಯೇಸುಸಭೆಯ ಧರ್ಮಗುರು ರಾಬರ್ಟ್ ಹೆನ್ಲೆ ಅವರ ಪುಸ್ತಕ ಸರಣಿ ಕಥೊಲಿಕ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮೊದಲ ಭಾಗ 1945ರದು. ಪದಗಳು ಕಡಿಮೆ, ಅಭ್ಯಾಸ ವಿಪರೀತ. ವಾಕ್ಯಗಳಲ್ಲಿ ಸೀಸರನ ಸೈನ್ಯದ ಪಕ್ಕದಲ್ಲೇ ಮರಿಯಮ್ಮನೂ ಬರುತ್ತಾರೆ. ಕೆಲವು ಮಕ್ಕಳಿಗೆ ಇದು ಒಣ ಎನಿಸುತ್ತದೆ. ಅಂಥವರಿಗೆ ಡೆನ್ಮಾರ್ಕಿನ ಹಾನ್ಸ್ ಓರ್ಬೆರ್ಗ್ ಬರೆದ 'ಫಮಿಲಿಯಾ ರೊಮಾನಾ' ಇದೆ. ಇದರಲ್ಲಿ ಮೊದಲ ಪುಟದಿಂದಲೇ ಎಲ್ಲವೂ ಲ್ಯಾಟಿನ್, ಅನುವಾದವೇ ಇಲ್ಲ. 35 ಅಧ್ಯಾಯಗಳಲ್ಲಿ ಒಂದು ರೋಮನ್ ಮನೆತನದ ಕಥೆ ಸಾಗುತ್ತದೆ, ಕೊನೆಯ ಕಡೆ ಮತ್ತಾಯನ ಶುಭಸಂದೇಶದ ಭಾಗವೂ ಬರುತ್ತದೆ. ಗುಲಾಮರ ಬದುಕು, ಹೊಡೆತಬಡಿತ ಅದರಲ್ಲಿ ಇರುವುದರಿಂದ ಹೆತ್ತವರು ಮೊದಲು ಓದಿ ನೋಡುವುದು ಒಳ್ಳೆಯದು. ತಾವೇ ಒಂದು ಅಧ್ಯಾಯ ಮುಂದೆ ಇರಲು ಸಮಯವಿಲ್ಲದವರು ಇದನ್ನು ಹಿಡಿಯದಿರುವುದೇ ಲೇಸು. ವೀಲಾಕ್, ಕಾಲಿನ್ಸ್ ಅವರ ಪುಸ್ತಕಗಳು ಹೆಸರುವಾಸಿ. ಮೊದಲನೆಯದು ಕಾಲೇಜಿನವರಿಗೆ, ಎರಡನೆಯದು ಧರ್ಮಸಭೆಯ ಲ್ಯಾಟಿನ್ ಕಲಿಯುವ ದೊಡ್ಡವರಿಗೆ. ಮಕ್ಕಳ ಕೈಗೆ ಇವನ್ನು ಕೊಡಬಾರದು. ಹೆತ್ತವರು ತಮಗಾಗಿ ಕೊಳ್ಳುವುದಾದರೆ ನಾವು ಕಾಲಿನ್ಸ್ ಅವರದನ್ನು ಸೂಚಿಸುತ್ತೇವೆ.

ಇನ್ನು ಅಮೆರಿಕದ ಪುಸ್ತಕಗಳು ಹೇಳದ ಒಂದು ಮಾತು. ಅವು ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗಾಗಿ ಬರೆದವು. ನಾಮಪದದ ಕೊನೆ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದನ್ನು ಆ ಮಗುವಿಗೆ ಮನದಟ್ಟು ಮಾಡಲು ಪುಟಗಟ್ಟಲೆ ವಿವರಣೆ ಬೇಕು. ಮನೆಯಲ್ಲಿ ಕನ್ನಡವೋ ಕೊಂಕಣಿಯೋ ಆಡುವ ಮಗುವಿಗೆ ಅದು ಹುಟ್ಟಿನಿಂದಲೇ ಗೊತ್ತು. ಲ್ಯಾಟಿನ್‌ನಲ್ಲಿ 'ಪುವೆಲ್ಲ' ಎಂದರೆ ಹುಡುಗಿ, 'ಪುವೆಲ್ಲಮ್' ಎಂದರೆ ಹುಡುಗಿಯನ್ನು. 'ಪುವೆಲ್ಲ ರೊಸಮ್ ಅಮತ್' ಎಂದರೆ ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ. ಪದಗಳ ಕ್ರಮವೂ ನಮ್ಮದೇ, ಕ್ರಿಯಾಪದ ಕೊನೆಗೆ. ಮೊದಲೆರಡು ಪದಗಳನ್ನು ಅದಲುಬದಲು ಮಾಡಿದರೂ ಅರ್ಥ ಕೆಡುವುದಿಲ್ಲ, ಕನ್ನಡದಲ್ಲಿ ಕೆಡದ ಹಾಗೆಯೇ. ನಮ್ಮ ವ್ಯಾಕರಣದ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಅಲ್ಲಿಯೂ ಇವೆ. ತೃತೀಯಾ ಮತ್ತು ಪಂಚಮೀ ಎರಡರ ಕೆಲಸವನ್ನೂ, ಕೆಲವೊಮ್ಮೆ ಸಪ್ತಮಿಯದನ್ನೂ, ಒಂದೇ ರೂಪ ಮಾಡುತ್ತದೆ. ತೊಡಕಾಗುವುದು ಬೇರೆ ಕಡೆ: 'ಪುವೆಲ್ಲೇ' ಎಂಬ ಒಂದೇ ರೂಪ ಹುಡುಗಿಯ, ಹುಡುಗಿಗೆ, ಹುಡುಗಿಯರು ಎಂಬ ಮೂರೂ ಅರ್ಥ ಕೊಡುತ್ತದೆ.

ಲಿಂಗದ ವಿಷಯದಲ್ಲಿ ಕೊಂಕಣಿ ಮನೆಮಾತಿನ ಮಕ್ಕಳಿಗೆ ಇನ್ನೂ ಸುಲಭ. ಜೀವವಿಲ್ಲದ ವಸ್ತುವೂ ಪುಲ್ಲಿಂಗ, ಸ್ತ್ರೀಲಿಂಗ ಆಗಬಹುದೆಂಬುದು ಅವರಿಗೆ ಹೊಸದಲ್ಲ. ಇಗರ್ಜಿ, ಪಾದ್ರಿ, ಖುರಿಸ್ ಎಂಬ ಪದಗಳು ಪೋರ್ಚುಗೀಸರ ಮೂಲಕ ನಮಗೆ ಬಂದ ಲ್ಯಾಟಿನ್ ಸಂಪತ್ತೇ ಅಲ್ಲವೇ? ನಮ್ಮ ಲಿಪಿಯೂ ಸಹಾಯಕ. ರೋಮನ್ನರ ಉಚ್ಚಾರಣೆಯಲ್ಲಿ 'ಮಲುಮ್' ಎಂದರೆ ಕೆಡುಕು, 'ಮಾಲುಮ್' ಎಂದರೆ ಸೇಬು. ಪುಸ್ತಕ ಸ್ವರದ ಮೇಲೆ ಗೆರೆ ಎಳೆದು ತೋರಿಸುವ ದೀರ್ಘವನ್ನು ಮಗು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡರೆ ಸಾಕು. ಆದುದರಿಂದ ವಿಭಕ್ತಿ ಎಂದರೇನು ಎಂದು ವಿವರಿಸುವ ಪುಟಗಳನ್ನು ಬೇಗ ದಾಟಿ, ರೂಪಗಳ ಬಾಯಿಪಾಠಕ್ಕೆ ಹೆಚ್ಚು ದಿನ ಕೊಡುವಂತೆ ನಮ್ಮ ಸಲಹೆ.

ಒಮ್ಮೆ ಹಿಡಿದ ಪುಸ್ತಕವನ್ನು ವರ್ಷದ ನಡುವೆ ಬದಲಿಸಬೇಡಿ. ಇದಕ್ಕೆ ಒಂದು ಕಾರಣ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಅಮೆರಿಕದ ಪುಸ್ತಕಗಳು ಸಾಮಾನ್ಯವಾಗಿ ಪ್ರಥಮಾ ಆದ ಮೇಲೆ ಷಷ್ಠೀ, ಚತುರ್ಥೀ, ದ್ವಿತೀಯಾ ಎಂಬ ಕ್ರಮದಲ್ಲಿ ರೂಪಗಳನ್ನು ಕೊಡುತ್ತವೆ. ಬ್ರಿಟನ್ನಿನವು ದ್ವಿತೀಯೆಯನ್ನು ಮುಂದಕ್ಕೆ ತರುತ್ತವೆ. ರಾಗವಾಗಿ ಬಾಯಿಪಾಠ ಮಾಡಿದ ಮಗುವಿಗೆ ಕ್ರಮ ತಪ್ಪಿದರೆ ಕಲಿತದ್ದೂ ಮರೆಯುತ್ತದೆ.

ಕೊಳ್ಳುವಾಗ ಉತ್ತರ ಪುಸ್ತಿಕೆ ಜೊತೆಗಿದೆಯೇ ನೋಡಿ. ಹೆನ್ಲೆ ಸರಣಿಯಲ್ಲಿ ಅದು ಪ್ರತ್ಯೇಕ, ವ್ಯಾಕರಣ ಪುಸ್ತಕವೂ ಪ್ರತ್ಯೇಕ. ವ್ಯಾಕರಣದ ಆ ಒಂದು ಪ್ರತಿ ನಾಲ್ಕೂ ವರ್ಷಕ್ಕೆ ಸಾಲುತ್ತದೆ, ಕಿರಿಯರಿಗೂ ಆಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ ಕೂರಿಸಿದರೆ ಚಿಕ್ಕವರಿಗೆ ಬೇಕಾದಷ್ಟಾಯಿತು. ಮಗು ಎಲ್ಲಿಗೆ ಮುಟ್ಟಿದೆ ಎಂದು ಹೊರಗಿನವರಿಂದ ತಿಳಿಯಬೇಕಿದ್ದರೆ 1978ರಿಂದ ನಡೆಯುತ್ತಿರುವ ನ್ಯಾಷನಲ್ ಲ್ಯಾಟಿನ್ ಎಕ್ಸಾಮ್‌ಗೆ ಮನೆಯಲ್ಲಿ ಕಲಿಯುವ ಮಕ್ಕಳೂ ಕೂರಬಹುದು.