ಒಂದೇ ಡಿವಿ, ಮೂರು ಬಗೆಯ ಟೇಪು

ಪ್ರಶ್ನೆ: ಡಿಜಿಟಲ್ ವಿಡಿಯೋ ಟೇಪುಗಳಾದ ಡಿವಿ, ಡಿವಿಕ್ಯಾಮ್, ಡಿವಿಸಿಪ್ರೊ ಮೂರೂ ಒಂದೇ ಮಾನದಂಡದವು ಎನ್ನುತ್ತಾರೆ. ಹಾಗಿದ್ದರೆ ಒಂದರ ಕ್ಯಾಸೆಟ್ಟು ಇನ್ನೊಂದರಲ್ಲಿ ಎಲ್ಲ ಸಲವೂ ಏಕೆ ಓಡುವುದಿಲ್ಲ?

ಉತ್ತರ: ಚಿತ್ರವನ್ನು ಕುಗ್ಗಿಸುವ ಕ್ರಮ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ವೇಗವೂ ಅಷ್ಟೇ: ಸೆಕೆಂಡಿಗೆ 25 ಮೆಗಾಬಿಟ್. ಬೇರೆಯಾದದ್ದು ಟೇಪಿನ ಮೇಲಿನ ಬರವಣಿಗೆ. 1990ರ ದಶಕದ ನಡುವಿನಲ್ಲಿ ಬಂದ ಡಿವಿಯಲ್ಲಿ ಒಂದೊಂದು ಗೆರೆಯ ಅಗಲ 10 ಮೈಕ್ರಾನ್. ಸೋನಿ ತನ್ನ ಡಿವಿಕ್ಯಾಮ್‌ನಲ್ಲಿ ಅದನ್ನು 15ಕ್ಕೆ ಹಿಗ್ಗಿಸಿತು, ಪ್ಯಾನಾಸೋನಿಕ್ ಡಿವಿಸಿಪ್ರೊದಲ್ಲಿ 18ಕ್ಕೆ. 60 ನಿಮಿಷದ ಮಿನಿ ಡಿವಿ ಕ್ಯಾಸೆಟ್ಟು ಡಿವಿಕ್ಯಾಮ್‌ನಲ್ಲಿ 40 ನಿಮಿಷಕ್ಕೇ ಮುಗಿಯುವುದು ಇದರಿಂದಲೇ.

ದಿನವಿಡೀ ಹಿಂದೆಮುಂದೆ ಓಡಿಸಿ ಎಡಿಟ್ ಮಾಡುವ ಸುದ್ದಿಮನೆಗೆ ಅಗಲದ ಗೆರೆ ಬೇಕೇ ಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಬೇಕಿತ್ತು. ಆದರೆ ಒಂದೇ ತೊಂದರೆಗೆ ಇಬ್ಬರು ತಯಾರಕರು ಎರಡು ಅಳತೆ ಹಿಡಿದದ್ದಕ್ಕೆ ತಂತ್ರಜ್ಞಾನವೊಂದೇ ಕಾರಣವಾಗಲಾರದು. ಗಿರಾಕಿ ತಮ್ಮ ಅಂಗಡಿ ಬಿಟ್ಟು ಕದಲಬಾರದೆಂಬ ಲೆಕ್ಕಾಚಾರವೂ ಅದರಲ್ಲಿದೆ ಎಂಬುದು ನನ್ನ ಅನಿಸಿಕೆ. ಬಣ್ಣದ ವಿಷಯವನ್ನೇ ನೋಡಿ. ನಮ್ಮಂಥ ಪಾಲ್ ಟಿವಿ ಪದ್ಧತಿಯ ದೇಶಗಳಲ್ಲಿ ಡಿವಿ, ಡಿವಿಕ್ಯಾಮ್ ಎರಡೂ ಬಣ್ಣದ ಮಾಹಿತಿಯನ್ನು 4:2:0 ಕ್ರಮದಲ್ಲಿ ಇಡುತ್ತವೆ, ಡಿವಿಸಿಪ್ರೊ ಮಾತ್ರ 4:1:1ರಲ್ಲಿ. ಅಂದರೆ ಟೇಪು ಬಿಟ್ಟು ಕಂಪ್ಯೂಟರಿಗೆ ಇಳಿಸಿದ ಮೇಲೂ ತಂತ್ರಾಂಶಕ್ಕೆ ಈ ಭೇದ ತಿಳಿದಿರಬೇಕು. ಎಫ್‌ಎಫ್‌ಎಂಪೆಗ್‌ನಂಥ ಮುಕ್ತ ತಂತ್ರಾಂಶ ಇವನ್ನೆಲ್ಲ ಓದುತ್ತದೆ. ಟೇಪಿಗೆ ಮಾತ್ರ ಅದನ್ನು ಓಡಿಸುವ ತಕ್ಕ ಡೆಕ್ಕೇ ಬೇಕು. ಮನೆಯಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳಿದ್ದರೆ ಅವುಗಳ ಮೇಲಿನ ಮುದ್ರೆಯನ್ನಷ್ಟೇ ನಂಬದೆ, ಯಾವ ಕ್ಯಾಮೆರಾದಲ್ಲಿ ತೆಗೆದದ್ದೆಂದು ಕೇಳಿಕೊಂಡು, ಡೆಕ್ ಸಿಗುವಾಗಲೇ ಫೈಲ್ ಮಾಡಿಸಿಕೊಳ್ಳಿ.