ಪರ್ವತಸಂಚಾರವೂ ಸರಕಾರಿ ಬಸ್ಸೂ

ಬೆಟ್ಟದ ಕಣಿವೆಗಳಲ್ಲಿ ಕಾಲ್ನಡೆಯಿಂದ ಸಂಚರಿಸುವುದು ಸ್ವಂತ ವಾಹನವುಳ್ಳ ಶ್ರೀಮಂತರ ವಿನೋದವೆಂದೂ, ಅದು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದೂ ನಮ್ಮಲ್ಲಿ ಅನೇಕರ ಎಣಿಕೆಯುಂಟು. ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಎರೆನೆಲದ ಊರಿನಲ್ಲಿ ಈ ಎಣಿಕೆ ಇನ್ನೂ ಬಲವಾದುದು. ಹತ್ತಿ, ಜೋಳ, ಕಡಲೆಗಳ ಹೊಲಗಳು ಕಣ್ಣು ಹಾಯುವವರೆಗೂ ಹಬ್ಬಿರುವ ಆ ಬಯಲುಸೀಮೆಯ ಹುಡುಗಿಯು ಬೆಟ್ಟ ನೋಡಬೇಕೆಂದು ಕೇಳಿದರೆ, "ಯಾರ ಜೋಡಿ ಹೋಗತೀ? ಹೊತ್ತು ಮುಳುಗಿದರ ಏನು ಗತಿ?" ಎಂದು ಮನೆಯವರು ಕೇಳುವುದು ಸಹಜವೇ. ಈ ಪ್ರಶ್ನೆ ಹುರುಳಿಲ್ಲದ್ದಲ್ಲ. ಆದರೆ ಅದಕ್ಕೆ ಉತ್ತರವಿಲ್ಲದೆಯೂ ಇಲ್ಲ. ಆ ಉತ್ತರವನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಉತ್ತರದ ಮೊದಲ ಭಾಗವನ್ನು ಸ್ವಿಟ್ಜರ್ಲೆಂಡ್ ದೇಶದಿಂದ ಕಲಿಯಬಹುದು. ಆ ದೇಶದ ಸಂಬಂಧ ನಮ್ಮ ನಾಡಿಗೆ ಹೊಸದಲ್ಲ. ಅಲ್ಲಿಯ ಬಾಸೆಲ್ ಪಟ್ಟಣದಲ್ಲಿ 1815 ರಲ್ಲಿ ಸ್ಥಾಪಿತವಾದ ಮಿಶನ್ನಿನವರು 1834 ರಲ್ಲಿ ಮಂಗಳೂರಿಗೂ, 1837 ರಲ್ಲಿ ಧಾರವಾಡಕ್ಕೂ, 1839 ರಲ್ಲಿ ಹುಬ್ಬಳ್ಳಿಗೂ ಬಂದು ವಿದ್ಯಾದಾನವನ್ನು ಕೈಕೊಂಡುದು ವಾಚಕರಿಗೆ ತಿಳಿದೇ ಇದೆ. ಆ ದೇಶದ ಟಪಾಲು ಖಾತೆಯು 1906 ರಲ್ಲಿ ಮೋಟಾರು ಬಸ್ಸುಗಳನ್ನು ಓಡಿಸಲು ಆರಂಭಿಸಿ, 1919 ರಲ್ಲಿ ಅವನ್ನು ಸಿಂಪ್ಲೋನ್ ಎಂಬ ಆಲ್ಪ್ಸ್ ಪರ್ವತದ ಘಾಟಿಗೂ ಏರಿಸಿತು. ಇಂದಿಗೂ ಆ ಹಳದಿ ಬಸ್ಸುಗಳು ರೈಲು ಮುಟ್ಟದ ಹಳ್ಳಿಗಳಿಗೆ ಹೋಗುತ್ತವೆ. ಎದುರು ಬರುವವರನ್ನು ಎಚ್ಚರಿಸಲು ಇಕ್ಕಟ್ಟಾದ ತಿರುವುಗಳಲ್ಲಿ ಅವು ಊದುವ ಮೂರು ಸ್ವರಗಳ ಕೊಂಬು ಪ್ರಸಿದ್ಧವಾದುದು. ಕೀನ್‌ಟಾಲ್ ಕಣಿವೆಯ ಗ್ರೀಸಾಲ್ಪ್ ಎಂಬಲ್ಲಿಗೆ ಹೋಗುವ ದಾರಿಯಲ್ಲಂತೂ ನೂರು ಅಡಿ ಮುಂದೆ ಸಾಗುವಲ್ಲಿ 28 ಅಡಿ ಮೇಲಕ್ಕೇರುವ ಕಡಿದಾದ ಭಾಗವುಂಟು. ಬಸ್ಸು ನಿಂತಲ್ಲಿಂದಲೇ ಕಾಲುದಾರಿಗಳು ಹೊರಡುತ್ತವೆ. ಶಾಲೆಯ ಮಕ್ಕಳೂ ಮುದುಕಿಯರೂ ಬುತ್ತಿಯ ಚೀಲ ಹೊತ್ತು ಅವುಗಳಲ್ಲಿ ನಡೆಯುತ್ತಾರೆ.

ಅಲ್ಲಿಯ ಕಾಲುದಾರಿಗಳ ಹಳದಿ ಕೈಮರಗಳಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಅವುಗಳಲ್ಲಿ ಊರಿನ ಹೆಸರಿನ ಮುಂದೆ ದೂರವನ್ನು ಬರೆದಿರುವುದಿಲ್ಲ. ನಡೆಯಲು ಹಿಡಿಯುವ ಹೊತ್ತನ್ನು ಬರೆದಿರುತ್ತಾರೆ. ಬೆಟ್ಟದಲ್ಲಿ ಎರಡು ಮೈಲು ಎಂದರೆ ಇಳಿಜಾರಿನಲ್ಲಿ ಒಂದು ಬಗೆ, ಏರಿನಲ್ಲಿ ಇನ್ನೊಂದು ಬಗೆ. ಬಸ್ಸು ಹಿಡಿಯಬೇಕಾದವನಿಗೆ ಬೇಕಾದುದು ಮೈಲಲ್ಲ, ಗಂಟೆ. ಪರ್ವತಸಂಚಾರದ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಬಸ್ಸಿನಿಂದ ಹೋಗುವವರಿಗೆ ಮೋಟಾರಿನ ಧಣಿಗಿಲ್ಲದ ಒಂದು ಸ್ವಾತಂತ್ರ್ಯವೂ ಉಂಟು. ತನ್ನ ವಾಹನವನ್ನು ಬಿಟ್ಟುಹೋದವನು ಅದೇ ಸ್ಥಳಕ್ಕೆ ಮರಳಲೇಬೇಕು. ಬಸ್ಸಿನವರಾದರೋ ಒಂದು ಕಣಿವೆಯಲ್ಲಿ ಇಳಿದು, ಕಣಿವೆಗಳ ನಡುವಣ ದಿಣ್ಣೆಯನ್ನು ದಾಟಿ, ಮತ್ತೊಂದು ಕಣಿವೆಯಲ್ಲಿ ಬಸ್ಸು ಹತ್ತಬಹುದು.

ಇನ್ನು ನಮ್ಮ ನಾಡಿಗೆ ಬರೋಣ. ಆಲ್ಪ್ ಎಂದರೆ ಆ ಸೀಮೆಯ ಮಾತಿನಲ್ಲಿ ಬೇಸಗೆಯಲ್ಲಿ ದನಗಳನ್ನು ಮೇಯಿಸುವ ಬೆಟ್ಟದ ಹುಲ್ಲುಗಾವಲು. ಅಲ್ಲಿ ಎತ್ತರದ ಚಳಿಯಿಂದ ಮರಗಳು ಬೆಳೆಯದ ಕಾರಣ ಹುಲ್ಲು ಹಬ್ಬುತ್ತದೆ. ನಮ್ಮಲ್ಲಿ ಅಂಥ ಎತ್ತರವಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು ಮಾತ್ರ. ಆದರೂ ಅದರ ಸುತ್ತಲೂ, ಸುಮಾರು 1,894 ಮೀಟರಿನ ಕುದುರೆಮುಖದಲ್ಲಿಯೂ, ಬಿರುಗಾಳಿ ಬೀಸುವ ನೆತ್ತಿಗಳಲ್ಲಿ ಹುಲ್ಲೂ, ನೀರು ನಿಲ್ಲುವ ಮಡಿಕೆಗಳಲ್ಲಿ ಶೋಲಾ ಎಂಬ ಗಿಡ್ಡ ಕಾಡೂ ಇದ್ದು, ಆಲ್ಪ್ಸ್ ಪರ್ವತದ ನೋಟವನ್ನು ನೆನಪಿಗೆ ತರುತ್ತವೆ. ಕುದುರೆಮುಖವು 1987 ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಭದ್ರಾ ನದಿಯ ತೀರದ ಕಳಸಕ್ಕೆ ಬಸ್ಸಿನಿಂದ ಹೋಗಿ ಅಲ್ಲಿಂದ ಮುಂದೆ ಸಾಗಬಹುದು. ಆದರೆ ಹುಬ್ಬಳ್ಳಿಯಿಂದ ಅದು ಒಂದು ದಿನದ ಕೆಲಸವಲ್ಲ. ರಾತ್ರಿಯ ವಸತಿಯನ್ನೂ ಅರಣ್ಯ ಇಲಾಖೆಯ ಅಪ್ಪಣೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.

ನಮಗೆ ಸಮೀಪವಾದುದು ಗದಗ ಜಿಲ್ಲೆಯ ಕಪ್ಪತಗುಡ್ಡ. ಔಷಧಿಯ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಸಾಲನ್ನು ಗಣಿಗಾರಿಕೆಯಿಂದ ಉಳಿಸಲು ಜನರು ಬಹುಕಾಲ ಹೋರಾಡಿದರು. ಕೊನೆಗೆ 2019 ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಹುಬ್ಬಳ್ಳಿಯಿಂದ ಗದಗಕ್ಕೂ, ಅಲ್ಲಿಂದ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯುಳ್ಳ ಡಂಬಳಕ್ಕೂ ಬಸ್ಸುಗಳುಂಟು. ಗುಡ್ಡದ ಬುಡದ ಊರಾದ ಡೋಣಿಯು ಡಂಬಳಕ್ಕೆ ಸಮೀಪದಲ್ಲಿದೆ. ಇಲ್ಲಿಯೂ ಅರಣ್ಯ ಇಲಾಖೆಯವರನ್ನು ವಿಚಾರಿಸಿಯೇ ಒಳಗೆ ಕಾಲಿಡಬೇಕು.

ಬಸ್ಸಿನ ಖರ್ಚಿನ ಮಾತು ಈಗ ಹಗುರವಾಗಿದೆ. 2023 ರ ಜೂನ್ 11 ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಗುರುತಿನ ಚೀಟಿ ತೋರಿಸಿ, ರಾಜ್ಯದೊಳಗಿನ ಸಾಮಾನ್ಯ ಹಾಗೂ ವೇಗದೂತ ಸರಕಾರಿ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರಯಾಣ ಮಾಡುತ್ತಾರೆ. ರಾಜಹಂಸ ಮೊದಲಾದ ಸುಖಾಸನದ ಬಸ್ಸುಗಳಿಗೆ ಇದು ಅನ್ವಯಿಸದು. ಹೀಗೆ ಒಂದು ಅಡ್ಡಿ ಕಳಚಿತು. ಉಳಿದುದು ಹೊತ್ತಿನ ಭಯ. ಅದನ್ನು ಲೆಕ್ಕದಿಂದ ಕಳೆಯಬೇಕು.

ಸ್ಕಾಟ್ಲಂಡಿನ ವಿಲಿಯಂ ನೇಸ್ಮಿತ್ ಎಂಬವರು 1892 ರಲ್ಲಿ ಒಂದು ಸುಲಭ ಸೂತ್ರವನ್ನು ಹೇಳಿದರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಮತ್ತೊಂದು ಗಂಟೆ. ಒಂಬತ್ತು ಮೈಲಿಯ ದಾರಿಯಲ್ಲಿ 2,000 ಅಡಿ ಏರಿದ್ದರೆ ನಾಲ್ಕು ಗಂಟೆಯಾಯಿತು. ಇದು ಗಟ್ಟಿಗರ ನಡಿಗೆ. ಊಟ, ವಿಶ್ರಾಂತಿ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವಳು, ಇವೆಲ್ಲವನ್ನು ನೆನೆದು ಅರ್ಧದಷ್ಟು ಕೂಡಿಸಿದರೆ ಆರು ಗಂಟೆ.

ಈಗ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕೋಣ. ಮಾದರಿಗಾಗಿ, ಹುಬ್ಬಳ್ಳಿಯಿಂದ ಸುಳ್ಳಕ್ಕೆ ರಾತ್ರಿ 8 ಗಂಟೆಗೆ ಬಸ್ಸುಂಟೆಂದು ಭಾವಿಸೋಣ. ಅದು ತಪ್ಪದಂತೆ 7-30 ಕ್ಕೆ ಹುಬ್ಬಳ್ಳಿಯಲ್ಲಿರಬೇಕು. ಕಾಯುವ ಹೊತ್ತೂ ಸೇರಿ ಗದಗದಿಂದ ಎರಡು ಗಂಟೆ ಇಟ್ಟರೆ, 5-30 ಕ್ಕೆ ಗದಗದಲ್ಲಿರಬೇಕು. ಗುಡ್ಡದ ಬುಡದಿಂದ ಗದಗಕ್ಕೆ ಒಂದೂವರೆ ಗಂಟೆ ಹಿಡಿದರೆ, 4 ಗಂಟೆಗೆ ನಡಿಗೆ ಮುಗಿದಿರಬೇಕು. ನಡಿಗೆಯು ಆರು ಗಂಟೆಯದಾದರೆ ಬೆಳಿಗ್ಗೆ 10 ಕ್ಕೆ ಆರಂಭವಾಗಬೇಕು. ಆಗ ಸುಳ್ಳವನ್ನು 6 ಗಂಟೆಗೆ ಮುಂಚೆಯೇ ಬಿಡಬೇಕಾಗುವುದು. ದಾರಿಯಲ್ಲಿ ಒಂದು ಬಸ್ಸು ತಪ್ಪಿದರೂ ಲೆಕ್ಕವೆಲ್ಲ ಕೆಡುತ್ತದೆ. ಆದುದರಿಂದ ಸುಳ್ಳದ ಹುಡುಗಿಗೆ ಒಂದೇ ದಿನದಲ್ಲಿ ನಾಲ್ಕು ಗಂಟೆಯ ನಡಿಗೆಯೇ ಯೋಗ್ಯ. ಹೆಚ್ಚು ಬೇಕಾದರೆ ಗದಗದಲ್ಲಿ ಬಂಧುಗಳ ಮನೆಯಲ್ಲಿ ತಂಗುವುದು ಲೇಸು. ನಿಜವಾದ ಹೊತ್ತುಗಳನ್ನು ಹೊರಡುವ ಮುನ್ನ ನಿಲ್ದಾಣದಲ್ಲಿಯೇ ಕೇಳಿ ಬರೆದುಕೊಳ್ಳತಕ್ಕದ್ದು. ಕಡೆಯ ಬಸ್ಸನ್ನು ನಂಬದೆ ಅದರ ಹಿಂದಿನ ಬಸ್ಸಿಗೇ ಲೆಕ್ಕ ಹಾಕುವುದು ಜಾಣತನ.

ಇನ್ನು ಕೆಲವು ನಿಯಮಗಳು. ನಾಲ್ವರಿಗಿಂತ ಕಡಿಮೆ ಹೋಗಬಾರದು. ಒಬ್ಬಳ ಕಾಲು ಉಳುಕಿದರೆ ಒಬ್ಬಳು ಹತ್ತಿರವಿದ್ದು ಇಬ್ಬರು ಸಹಾಯಕ್ಕೆ ಹೋಗಲು ಬರುವಂತಿರಬೇಕು. ಹೋಗುವ ದಾರಿ, ಹಿಡಿಯುವ ಬಸ್ಸು, ಮರಳುವ ಹೊತ್ತು ಇವನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿಡಬೇಕು. ಕಣಿವೆಗಳಲ್ಲಿ ಮೊಬೈಲು ಮಾತನಾಡದಿರುವುದುಂಟು. ನಡಿಗೆಗೆಂದು ಇಟ್ಟ ಹೊತ್ತಿನಲ್ಲಿ ಅರ್ಧ ಮುಗಿದೊಡನೆ, ಶಿಖರ ಕಣ್ಣೆದುರಿಗಿದ್ದರೂ ಹಿಂದಿರುಗಬೇಕು. ಗುಡುಗು ಕೇಳಿಸಿದರೆ ಬೋಳುನೆತ್ತಿಯಿಂದ ಕೆಳಗಿಳಿಯಬೇಕು, ಒಂಟಿಮರದ ಕೆಳಗೆ ನಿಲ್ಲಬಾರದು. ಕಟಿ ರೊಟ್ಟಿ, ಶೇಂಗಾ ಚಟ್ನಿ, ತಲೆಗೆ ಎರಡು ಲೀಟರು ನೀರು ಜೊತೆಗಿರಲಿ. ಮಾರ್ಚದಿಂದ ಮೇ ತನಕ ಕಪ್ಪತಗುಡ್ಡದ ಬಿಸಿಲು ಕಠಿಣ. ನವೆಂಬರದಿಂದ ಫೆಬ್ರುವರಿಯವರೆಗೆ ಹಿತ. ಮೊದಲಿನ ಅಭ್ಯಾಸಕ್ಕೆ ಊರಿನ ಹೊಲದ ದಾರಿಯೇ ಸಾಕು. ಎರೆಮಣ್ಣು ಹಸಿಯಿದ್ದಾಗ ಕಾಲಿಗೆ ಮೆತ್ತಿ ಭಾರವಾಗುವುದರಿಂದ, ಸುಗ್ಗಿಯ ಹೊತ್ತಿನ ಒಣದಾರಿಯಲ್ಲಿ ನೆರೆಯೂರಿನ ತನಕ ನಡೆದು, ಗಂಟೆಗೆ ಎಷ್ಟು ಸಾಗುವೆವೆಂದು ಅಳೆದುಕೊಳ್ಳಬಹುದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ. ಮಗಳು ಬೆಟ್ಟಕ್ಕೆ ಹೋಗುವೆನೆಂದಾಗ "ಬೇಡ" ಎನ್ನುವ ಮೊದಲು, "ನಿನ್ನ ಲೆಕ್ಕ ತೋರಿಸು" ಎಂದು ಕೇಳಿರಿ. ಲೆಕ್ಕ ತಪ್ಪಿದ್ದರೆ ತಿದ್ದಿರಿ, ಸರಿಯಿದ್ದರೆ ಕಳುಹಿಸಿರಿ. ಬಸ್ಸಿನ ವೇಳೆಯನ್ನು ತಾನೇ ವಿಚಾರಿಸಿ, ಗೆಳತಿಯರ ಶಕ್ತಿಯನ್ನು ಅರಿತು, ಸಮಯಕ್ಕೆ ಹಿಂದಿರುಗಲು ಕಲಿತ ಹುಡುಗಿಯು ಮುಂದೆ ಕಾಲೇಜಿಗಾಗಲಿ ಉದ್ಯೋಗಕ್ಕಾಗಲಿ ಪರಊರಿಗೆ ಹೋಗುವಾಗ ನಿಮ್ಮ ಚಿಂತೆಯ ಭಾರವನ್ನೂ ಇಳಿಸುವಳು. ಪೂರ್ವವಿದ್ಯಾರ್ಥಿನಿಯರಲ್ಲಿ ಯಾರಾದರೂ ಇಂಥ ಗುಂಪಿನ ಜೊತೆಗೆ ಹಿರಿಯಕ್ಕನಂತೆ ಹೊರಟರೆ ಶಾಲೆಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೊಂದಿಲ್ಲ. ದೇವರು ಬೆಟ್ಟಗಳನ್ನು ನಿರ್ಮಿಸಿದುದು ಅವುಗಳ ಬುಡದಲ್ಲಿ ಹುಟ್ಟಿದವರಿಗಾಗಿ ಮಾತ್ರವಲ್ಲ. ಬಯಲುಸೀಮೆಯ ಮಕ್ಕಳಿಗೂ ಅವುಗಳಲ್ಲಿ ಪಾಲುಂಟು.