ಹಳೆಯ ಜೀಪಿನ ದಾಹ

ಬೇಸಗೆಯ ಒಂದು ಮಧ್ಯಾಹ್ನ ಪಾವಗಡದಿಂದ ವೈ.ಎನ್.ಹೊಸಕೋಟೆಗೆ ಹೊರಟ ಹಳೆಯ ಜೀಪೊಂದು ದಾರಿಯ ನಡುವೆ ಹಬೆಯುಗುಳುತ್ತ ನಿಂತಿತೆಂದು ಭಾವಿಸೋಣ. ಚಾಲಕನು ಪಕ್ಕದ ಹೊಲದ ಕೊಳವೆಬಾವಿಯಿಂದ ಒಂದು ಕೊಡ ನೀರು ತಂದು ಸುರಿಯುತ್ತಾನೆ, ಬಂಡಿ ಹೊರಡುತ್ತದೆ. ಆದರೆ ಮುಂದಿನ ವಾರ ಅದು ಇನ್ನೂ ಬೇಗನೆ ಕುದಿಯುತ್ತದೆ. ದಾಹ ತೀರಿಸಿದ ನೀರೇ ದಾಹವನ್ನು ಹೆಚ್ಚಿಸಿತೆ? ಹೌದು. ಅದು ಹೇಗೆಂಬುದನ್ನು ವಿಚಾರಿಸೋಣ.

ಜೀಪು ಎರಡನೆಯ ಮಹಾಯುದ್ಧದ ಕೂಸು. ಅಮೆರಿಕದ ವಿಲ್ಲೀಸ್ ಕಂಪನಿಯ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸುವ ಕಾರ್ಯವನ್ನು ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಆರಂಭಿಸಿತು. ಆ ಹಳೆಯ ಮಾದರಿಗಳ ರಚನೆ ಸರಳ: ಎರಕದ ಕಬ್ಬಿಣದ ಎಂಜಿನ್ನು, ತಾಮ್ರ ಹಿತ್ತಾಳೆಗಳ ರೇಡಿಯೇಟರು. ಆದುದರಿಂದಲೇ ಮನೆಯಂಗಳದಲ್ಲಿ ಅವುಗಳ ಆರೈಕೆ ಸಾಧ್ಯ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ಯಬೇಕು. ಆ ನೀರು ರೇಡಿಯೇಟರಿನ ಸಪೂರವಾದ ಕೊಳವೆಗಳಲ್ಲಿ ಇಳಿಯುತ್ತ ಶಾಖವನ್ನು ಗಾಳಿಗೆ ಒಪ್ಪಿಸುತ್ತದೆ. ಈ ಹಾದಿಗೆ ಅಡ್ಡಿಯಾದರೆ ಎಂಜಿನ್ನು ಬೇಯುತ್ತದೆ.

ಅಡ್ಡಿಯನ್ನು ತರುವುದು ಈ ಸೀಮೆಯ ನೀರು. ಮಳೆ ಕಡಮೆಯಾದ ಪಾವಗಡ ಸೀಮೆಯಲ್ಲಿ ಅಂತರ್ಜಲವು ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅವುಗಳಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಂದು. ನೀರು ಕಾದಾಗ ಇದು ಒಡೆದು, ಇಂಗಾಲದ ಡೈಆಕ್ಸೈಡು ಹಾರಿಹೋಗುತ್ತದೆ. ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಬಿಳಿಯ ಪೊರೆಯಾಗಿ ಉಳಿಯುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಹತ್ತುವ ಗಾರೆಯಂಥ ಪದರ ಇದೇ. ಶಾಖವನ್ನು ಸಾಗಿಸುವುದರಲ್ಲಿ ಇದರ ಶಕ್ತಿ ಹಿತ್ತಾಳೆಯ ಶಕ್ತಿಯ ಸುಮಾರು ಐವತ್ತರಲ್ಲಿ ಒಂದು ಪಾಲು ಮಾತ್ರ! ನೀರು ಕುದಿದು ಹೋದಷ್ಟೂ ಹೊಸ ನೀರು, ಹೊಸ ನೀರು ಬಂದಷ್ಟೂ ಹೊಸ ಪದರ.

ಪರಿಹಾರವು ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಮೊದಲು ರೇಡಿಯೇಟರಿನ ಬಾಯಲ್ಲಿರುವ ಬಿಳಿಯ ಪದರವನ್ನು ಕೆರೆದು ಅದರ ಮೇಲೆ ನಿಂಬೆರಸ ಹಿಂಡಿ ನೋಡೋಣ. ನೊರೆಯೆದ್ದರೆ ಅದು ಕಾರ್ಬೊನೇಟೇ ಸರಿ. ಬಳಿಕ ಕೆಳಗಿನ ನಲ್ಲಿ ತಿರುಗಿಸಿ ಹಳೆಯ ನೀರನ್ನು ಬಸಿಯಬೇಕು. ಲೀಟರಿಗೆ ಸುಮಾರು 25 ಗ್ರಾಂ ನಿಂಬೆ ಉಪ್ಪು ಕರಗಿಸಿದ ನೀರನ್ನು ತುಂಬಿ, ಎಂಜಿನ್ನನ್ನು ಅರ್ಧ ಗಂಟೆ ನಿಧಾನವಾಗಿ ನಡೆಸಿ, ಪೂರ್ತಿ ತಣಿದ ಮೇಲೆ ಬಸಿಯಬೇಕು. ಹೊರಬರುವ ಕೆಂಗಂದು ನೀರಿನಲ್ಲಿ ಸುಣ್ಣದೊಡನೆ ಕಬ್ಬಿಣದ ತುಕ್ಕೂ ಇರುತ್ತದೆ. ಆಮ್ಲ ಉಳಿದರೆ ಲೋಹವನ್ನೇ ತಿನ್ನುವುದರಿಂದ, ನೀಲಿ ಲಿಟ್ಮಸ್ ಕಾಗದ ಕೆಂಪಾಗದಿರುವವರೆಗೆ ತೊಳೆಯುವುದು ಅವಶ್ಯ. ಪದರವು ಮುಚ್ಚಿಕೊಂಡಿದ್ದ ಸಣ್ಣ ತೂತುಗಳು ಆಗ ಸೋರಲಾರಂಭಿಸಬಹುದು. ಅವುಗಳಿಗೆ ಬೆಸುಗೆಯೇ ಗತಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲಾಗದು. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಈ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಚದರಂಗುಲಕ್ಕೆ 7 ಪೌಂಡಿನಷ್ಟು ಒತ್ತಡವನ್ನು ಹಿಡಿದಿಟ್ಟರೆ ಕುದಿಯುವ ಬಿಂದು 110ರ ಸಮೀಪಕ್ಕೇರುತ್ತದೆ. ಕಾದ ಎಂಜಿನ್ನಿನ ಮುಚ್ಚಳ ತೆಗೆದ ಕ್ಷಣವೇ ಒತ್ತಡ ಇಳಿದು, ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೈಯಿಂದ ಮುಟ್ಟಬಹುದಾದಷ್ಟು ತಣಿಯುವವರೆಗೆ ಕಾಯುವುದೇ ಜಾಣತನ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಥಟ್ಟನೆ ಕುಗ್ಗಿ ಸೀಳಬಹುದು.

ಕೊನೆಗೆ ತುಂಬಬೇಕಾದುದು ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರು ಮತ್ತು ಕೂಲೆಂಟು, ಸಮಪಾಲು. ಕೂಲೆಂಟು ತುಕ್ಕನ್ನು ತಡೆಯುತ್ತದೆ. ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇಡಬೇಕು. ತುರ್ತಿಗೆ ಚೊಕ್ಕಟವಾದ ಮಾಡಿನಿಂದ ಹಿಡಿದ ಮಳೆಯ ನೀರೂ ಆದೀತು. ಅದು ಬಂಡೆಯ ಸಹವಾಸ ಕಾಣದ ನೀರು.

ಬಚ್ಚಲ ಹಂಡೆಯನ್ನು ಹುಣಿಸೆಹಣ್ಣಿನಿಂದ ಉಜ್ಜುವ ಅಜ್ಜಿಗೆ ಈ ರಸಾಯನ ವಿದ್ಯೆ ಎಂದಿನಿಂದಲೋ ತಿಳಿದಿದೆ. ಅದನ್ನು ಜೀಪಿನವರೆಗೆ ಒಯ್ಯುವುದಷ್ಟೇ ನಮಗೆ ಉಳಿದಿರುವ ಕೆಲಸ.